ಪಿಯುಸಿ ಅಂಕ ಬೇಡ, ಮೊದಲ ವರ್ಷದ ಗ್ರೇಡ್ ಬೇಕು

ನಮಸ್ಕಾರ. ದ್ವಿತೀಯ ಪಿಯುಸಿ ಮುಗಿಸಿದ ಮಗಳೊಂದಿಗೆ ಮೈಸೂರಿನಿಂದ ಕ್ಯುಪರ್ಟಿನೋಗೆ ಬಂದಿದ್ದೀರಿ. ಅವಳನ್ನು ಅಲ್ಲಿನ ಎರಡು ವರ್ಷದ ಕಮ್ಯುನಿಟಿ ಕಾಲೇಜಾದ ಡಿ ಆಂಜಾಕ್ಕೆ ಸೇರಿಸಿ, ಎರಡು ವರ್ಷದ ನಂತರ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಎಲ್ಲರೂ ಯುಸಿ ಎನ್ನುವ ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಯೋಚನೆ ನಿಮ್ಮದು. ಪಿಯುಸಿ ಅಂಕಗಳಿಗೆ ಬೆಲೆ ಇದೆಯೇ, ಕಮ್ಯುನಿಟಿ ಕಾಲೇಜಿನ ಗ್ರೇಡನ್ನು ಅವರು ಕೀಳಾಗಿ ಕಾಣುತ್ತಾರೆಯೇ ಎಂದು ಕೇಳಿದ್ದೀರಿ. ನನ್ನ ದೊಡ್ಡ ಮಗಳು ಇದೇ ದಾರಿಯಲ್ಲಿ ಹೋದವಳು. ಹಾಗಾಗಿ ಇದರ ಬಗ್ಗೆ ಬರೆಯಲು ನನಗೆ ಮನಸ್ಸಿದೆ.

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ಭಯ ನಮ್ಮವರಲ್ಲಿ ಬಹಳ ಇದೆ. ಕಮ್ಯುನಿಟಿ ಕಾಲೇಜಿನಿಂದ ಯುಸಿಗೆ ಹೋಗುವುದು ಹಿತ್ತಲ ಬಾಗಿಲಲ್ಲ. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೆ ಮಾಸ್ಟರ್ ಪ್ಲಾನ್ ಮಾಡಿದಾಗಲೇ ಈ ದಾರಿಯನ್ನು ಯೋಚಿಸಿ ಕಟ್ಟಿದರು. ಮೂರನೆಯ ವರ್ಷಕ್ಕೆ ಟ್ರಾನ್ಸ್‌ಫರ್ ಆಗಿ ಬರುವವರಲ್ಲಿ ಇಲ್ಲಿನ ಕಮ್ಯುನಿಟಿ ಕಾಲೇಜುಗಳ ಮಕ್ಕಳಿಗೇ ಯುಸಿ ಆದ್ಯತೆ ಕೊಡುತ್ತದೆ. ಡಿ ಆಂಜಾದ ಕ್ಯಾಲ್ಕುಲಸ್‌ನಲ್ಲಿ ಬಂದ ಎ ಗ್ರೇಡ್, ಲೆಕ್ಕದಲ್ಲಿ ಎ ಗ್ರೇಡೇ.

ಪಿಯುಸಿ ಅಂಕಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಇಲ್ಲಿಯವರಿಗೆ ಹೈಸ್ಕೂಲ್ ಮಟ್ಟದ ಓದು. ಟ್ರಾನ್ಸ್‌ಫರ್ ಅರ್ಜಿಯಲ್ಲಿ ತೂಗುವುದು ಕಾಲೇಜಿನ ಗ್ರೇಡುಗಳನ್ನು.

ನೀವು ಕೇಳದೆ ಬಿಟ್ಟ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನಮ್ಮೂರಿನಲ್ಲಿ ಪ್ರಥಮ ಪಿಯುಸಿಯ ಅಂಕಗಳನ್ನು ಯಾರೂ ಕೇಳುವುದಿಲ್ಲ. ಕೊನೆಯ ಪರೀಕ್ಷೆ ಮತ್ತು ಸಿಇಟಿ ಎಲ್ಲವನ್ನೂ ತೀರ್ಮಾನಿಸುತ್ತವೆ. ಮೊದಲ ವರ್ಷ ಹೊಂದಿಕೊಳ್ಳಲು, ಎರಡನೆಯ ವರ್ಷ ದುಡಿಯಲು ಎಂಬ ಅಭ್ಯಾಸ ಮಕ್ಕಳ ಮೈಗೂಡಿರುತ್ತದೆ. ಇಲ್ಲಿ ಆ ಅಭ್ಯಾಸ ಹೊಡೆತ ಕೊಡುತ್ತದೆ. ಎರಡನೆಯ ವರ್ಷ ಶುರುವಾದ ಕೂಡಲೇ, ಅಕ್ಟೋಬರ್ ನವೆಂಬರ್‌ನಲ್ಲಿ ಅರ್ಜಿ ಹಾಕಬೇಕು. ಆಗ ಅವಳ ಕೈಯಲ್ಲಿರುವುದು ಮೊದಲ ವರ್ಷದ ಗ್ರೇಡುಗಳು ಮತ್ತು ಬೇಸಿಗೆಯಲ್ಲಿ ಏನಾದರೂ ಓದಿದ್ದರೆ ಅದು, ಅಷ್ಟೇ. ಆ ಶರತ್ಕಾಲದ ಗ್ರೇಡುಗಳನ್ನು ಜನವರಿಯಲ್ಲಿ ಸೇರಿಸಿ ಕಳುಹಿಸಬಹುದು. ಆಮೇಲೆ ಬರುವ ಗ್ರೇಡುಗಳು ಸಿಕ್ಕ ಸೀಟನ್ನು ಉಳಿಸಿಕೊಳ್ಳಲು ಬೇಕು. ಎಂದರೆ ಹೊಸ ದೇಶ, ಹೊಸ ಉಚ್ಚಾರಣೆ, ಹೊಸ ಗೆಳತಿಯರ ನಡುವೆ ತಡಕಾಡುವ ಮೊದಲ ಕ್ವಾರ್ಟರೇ, ಅಂದರೆ ಸುಮಾರು ಮೂರು ತಿಂಗಳ ಮೊದಲ ಓದಿನ ಅವಧಿಯೇ, ಅವಳ ಅರ್ಜಿಯ ದೊಡ್ಡ ಭಾಗ.

ಆದ್ದರಿಂದ ಮೊದಲ ಕ್ವಾರ್ಟರಿನಲ್ಲೇ ಕ್ಯಾಲ್ಕುಲಸ್, ಕೆಮಿಸ್ಟ್ರಿ, ಪ್ರೋಗ್ರಾಮಿಂಗ್ ಮೂರನ್ನೂ ಅವಳ ಮೇಲೆ ಹೇರಬೇಡಿ. ನಮ್ಮ ಹುಡುಗಿಗೆ ಇದೆಲ್ಲ ಪಿಯುಸಿಯಲ್ಲೇ ಆಗಿದೆ ಎಂದು ನಿಮಗನ್ನಿಸಬಹುದು. ಪಾಠ ಆಗಿರಬಹುದು. ಆದರೆ ವಾರವಾರವೂ ಮನೆಗೆಲಸ, ಕ್ವಿಜ್, ಪ್ರಬಂಧ ಎಂದು ಅಂಕ ಹಂಚುವ ಪದ್ಧತಿ ಅವಳಿಗೆ ಹೊಸದು.

ಇನ್ನು ಲೆಕ್ಕ. ಎ ಗೆ 4, ಬಿ ಗೆ 3, ಸಿ ಗೆ 2 ಅಂಕ. ಅದನ್ನು ಆ ವಿಷಯದ ಯೂನಿಟ್ಟಿನಿಂದ, ಅಂದರೆ ಆ ತರಗತಿಗೆ ಕಾಲೇಜು ಕೊಟ್ಟ ತೂಕದಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ಯೂನಿಟ್ಟಿನಿಂದ ಭಾಗಿಸಿದರೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ. 5 ಯೂನಿಟ್ಟಿನ ಕ್ಯಾಲ್ಕುಲಸ್‌ನಲ್ಲಿ ಬಿ, 1 ಯೂನಿಟ್ಟಿನ ವ್ಯಾಯಾಮ ತರಗತಿಯಲ್ಲಿ ಎ ಬಂದರೆ ಸರಾಸರಿ 3.5 ಅಲ್ಲ, ಸುಮಾರು 3.17. ಸಣ್ಣ ತರಗತಿಗಳ ಎ ಗ್ರೇಡುಗಳು ದೊಡ್ಡ ತರಗತಿಯ ಬಿ ಗ್ರೇಡನ್ನು ಮುಚ್ಚುವುದಿಲ್ಲ. ಜೊತೆಗೆ, ಯುಸಿ ಒಪ್ಪುವ ವಿಷಯಗಳನ್ನಷ್ಟೇ ಯುಸಿ ಲೆಕ್ಕ ಹಾಕುತ್ತದೆ. ಹಾಗಾಗಿ ಕಾಲೇಜಿನ ದಾಖಲೆಯಲ್ಲಿ ಕಾಣುವ ಜಿಪಿಎಗೂ ಯುಸಿ ನೋಡುವ ಜಿಪಿಎಗೂ ವ್ಯತ್ಯಾಸ ಬರಬಹುದು.

ರಾಜ್ಯದ ನಿವಾಸಿಗಳಿಗೆ ಕನಿಷ್ಠ 2.4, ಹೊರಗಿನವರಿಗೆ 2.8 ಎಂದು ನಿಯಮವಿದೆ. ಅದನ್ನು ನಂಬಿ ಕೂರಬೇಡಿ. ಅದು ಅರ್ಜಿ ಹಾಕುವ ಅರ್ಹತೆ ಮಾತ್ರ. ಬರ್ಕ್ಲಿ, ಲಾಸ್ ಏಂಜಲಿಸ್ ಕ್ಯಾಂಪಸ್ಸುಗಳಲ್ಲಿ ಪೈಪೋಟಿ ಅದಕ್ಕಿಂತ ಬಹಳ ಮೇಲೆ ನಡೆಯುತ್ತದೆ. ಅಲ್ಲಿ ಒಟ್ಟು ಜಿಪಿಎ ಎಷ್ಟೇ ಚೆನ್ನಾಗಿದ್ದರೂ, ಅವಳು ಪದವಿಗೆ ಆರಿಸಿಕೊಂಡ ಮುಖ್ಯ ವಿಷಯಕ್ಕೆ, ಅಂದರೆ ಮೇಜರ್‌ಗೆ ಬೇಕಾದ ತಯಾರಿ ವಿಷಯಗಳು ಬಾಕಿ ಇದ್ದರೆ ಅರ್ಜಿ ಸೊರಗುತ್ತದೆ. ಯಾವ ಕಾಲೇಜಿನ ಯಾವ ತರಗತಿ ಯಾವ ಕ್ಯಾಂಪಸ್ಸಿನಲ್ಲಿ ಯಾವುದಕ್ಕೆ ಸಮ ಎಂದು ಅಸಿಸ್ಟ್ ಡಾಟ್ ಆರ್ಗ್ ತಾಣದಲ್ಲಿ ಸ್ಪಷ್ಟವಾಗಿ ಕೊಟ್ಟಿದ್ದಾರೆ. ತಾಯಿ ಮಗಳು ಒಟ್ಟಿಗೆ ಕುಳಿತು ಅದನ್ನು ಓದಿ. ನೆಂಟರು ಹೇಳಿದ್ದಕ್ಕಿಂತ ಅದೇ ನಂಬಿಕೆಗೆ ಅರ್ಹ.

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಕ್ಯಾಂಪಸ್ಸುಗಳಲ್ಲಿ ಟ್ಯಾಗ್ ಎಂಬ ಖಾತರಿ ಪ್ರವೇಶವಿದೆ. ಒಂದು ಕ್ಯಾಂಪಸ್ಸಿಗೆ ಮಾತ್ರ, ಸೆಪ್ಟೆಂಬರ್‌ನಲ್ಲಿ ಹಾಕಬೇಕು. ಅವರು ಹೇಳಿದ ಜಿಪಿಎ, ಹೇಳಿದ ವಿಷಯಗಳು ಇದ್ದರೆ ಸೀಟು ಸಿಗುತ್ತದೆ. ಎಲ್ಲ ಮೇಜರ್‌ಗಳಿಗೂ ಇದು ಅನ್ವಯಿಸುವುದಿಲ್ಲ. ಸಾಂತಾ ಬಾರ್ಬರಾದ ಎಂಜಿನಿಯರಿಂಗ್ ಕಾಲೇಜಿಗೆ ಟ್ಯಾಗ್ ಇಲ್ಲ. ಅವಳಿಗೆ ಒಪ್ಪುವ ಮೇಜರ್ ಪಟ್ಟಿಯಲ್ಲಿದ್ದರೆ ದಯವಿಟ್ಟು ಬಿಡಬೇಡಿ.

ಒಂದು ವಿಷಯ ಕೈಕೊಟ್ಟರೆ ಏನು ಮಾಡುವುದು? ಡಿ ಅಥವಾ ಎಫ್ ಬಂದರೆ ಮತ್ತೆ ಓದಬಹುದು, ಯುಸಿ ಎರಡನೆಯ ಗ್ರೇಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಿ ಬಂದರೆ ಅದನ್ನು ತಿದ್ದುವ ದಾರಿಯಿಲ್ಲ. ತರಗತಿ ಬಿಟ್ಟುಬಿಟ್ಟರೆ ದಾಖಲೆಯಲ್ಲಿ ಡಬ್ಲ್ಯೂ ಉಳಿಯುತ್ತದೆ. ಅದು ಜಿಪಿಎಯನ್ನು ಇಳಿಸುವುದಿಲ್ಲ, ಆದರೆ ಸಾಲಾಗಿ ನಾಲ್ಕು ಕಂಡರೆ ಓದುವವರಿಗೆ ಅನುಮಾನ ಬರುವುದು ಸಹಜ.

ವೀಸಾದ ಒಂದು ಮಾತು. ಅವಳು ನಿಮ್ಮ ಜೊತೆ ಎಚ್-4ರಲ್ಲಿ, ಅಂದರೆ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿದ್ದರೆ, 21 ತುಂಬಿದ ಮೇಲೆ ಅದು ನಡೆಯುವುದಿಲ್ಲ. ಪದವಿಯ ನಡುವೆಯೇ ಆ ದಿನ ಬರುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸುವ ಬಗ್ಗೆ, ಆಗ ಶುಲ್ಕ ಏನಾಗುತ್ತದೆ ಎಂಬ ಬಗ್ಗೆ ವಲಸೆ ವಕೀಲರನ್ನು ಈಗಲೇ ಕೇಳಿ. ತಡಮಾಡಿದ ಕುಟುಂಬಗಳ ಕಷ್ಟ ನೋಡಿದ್ದೇನೆ.

ಕಾಲೇಜಿನಲ್ಲಿ ಟ್ರಾನ್ಸ್‌ಫರ್ ಕೌನ್ಸೆಲರ್‌ಗಳಿದ್ದಾರೆ, ಅವರಿಗೆ ಶುಲ್ಕವಿಲ್ಲ. ಹೆಸರು ನೋಂದಾಯಿಸುವ ಮೊದಲೇ ಸಮಯ ಗೊತ್ತುಮಾಡಿಕೊಂಡು, ಎರಡೂ ವರ್ಷಗಳ ತರಗತಿಗಳ ಯೋಜನೆಯನ್ನು ಬರೆಸಿಕೊಳ್ಳಿ. ಮಾತಾಡುವುದನ್ನು ಅವಳಿಗೇ ಬಿಡಿ, ನೀವು ಪಕ್ಕದಲ್ಲಿರಿ. ಆ ಯೋಜನೆ ಕೈಗೆ ಬಂದ ಮೇಲೆ ನನಗೂ ಕಳುಹಿಸಿ, ಮಗಳೂ ನಾನೂ ಕುಳಿತು ನೋಡುತ್ತೇವೆ.