ಮೈದಾನದ ಆಧಾರಪತ್ರ ಯಾರ ಹೆಸರಿನಲ್ಲಿದೆ?

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ತಮ್ಮ ಊರಿನಿಂದ ತಾವು ಬರೆದ ದೀರ್ಘ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಮಾಡಲು ಸ್ಥಳವಿಲ್ಲದುದರಿಂದ ಉಳಿದ ಓದುಗರಿಗಾಗಿ ಸಾರವನ್ನಷ್ಟೇ ಹೇಳುತ್ತೇನೆ. ತಮ್ಮ ಫುಟ್‌ಬಾಲ್ ಕ್ಲಬ್ಬಿಗೆ, ಗಲ್ಫಿನಲ್ಲಿ ವ್ಯಾಪಾರ ಮಾಡಿಕೊಂಡಿರುವ ಊರಿನವರೇ ಒಬ್ಬರು ದೊಡ್ಡ ಮೊತ್ತ ಕೊಡಲು ಮುಂದೆ ಬಂದಿದ್ದಾರೆ. ಮೈದಾನ ಸಮತಟ್ಟು ಮಾಡಿಸಿ, ಫ್ಲಡ್‌ಲೈಟ್ ಹಾಕಿಸಿ, ಏಳೇಳು ಜನರ ತಂಡಗಳ ಸೆವೆನ್ಸ್ ಸೀಸನ್ನಿಗೆ ಆಫ್ರಿಕಾದ ಆಟಗಾರರನ್ನೂ ಕರೆಸುವುದಾಗಿ ಹೇಳಿದ್ದಾರೆ. ಪ್ರತಿಯಾಗಿ ಕ್ಲಬ್ಬಿನ ಹೆಸರಿನ ಮುಂದೆ ದಾನಿಯ ಸಂಸ್ಥೆಯ ಹೆಸರು, ದಾನಿಗೆ ಆಜೀವ ಅಧ್ಯಕ್ಷ ಸ್ಥಾನ, ಮೈದಾನದ ಜಾಗ ದಾನಿಯ ಹೆಸರಿಗೆ ಆಗಬೇಕೆಂದು ಕೇಳಿದ್ದಾರೆ. ಕಮಿಟಿಯ ಹಿರಿಯರು ಬೇಡವೆನ್ನುತ್ತಾರೆ, ಹುಡುಗರು ಬೇಕೇ ಬೇಕೆನ್ನುತ್ತಾರೆ. “ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ ಗೆದ್ದದ್ದು ಮಾಲೀಕರ ಹಣದಿಂದಲೇ ಅಲ್ಲವೇ? ಹಾಗಿರುವಾಗ ನಾವೇಕೆ ಹಿಂಜರಿಯಬೇಕು?” ಎಂಬುದು ತಮ್ಮ ಪ್ರಶ್ನೆ.

ಹುಡುಗರ ವಾದವನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ರಷ್ಯಾದ ರೋಮನ್ ಅಬ್ರಮೊವಿಚ್ 2003ರಲ್ಲಿ ಕೊಂಡುಕೊಳ್ಳುವಾಗ ಚೆಲ್ಸಿ ಇಂಗ್ಲೆಂಡಿನ ಅಗ್ರ ದರ್ಜೆಯ ಲೀಗನ್ನು ಗೆದ್ದು ಸುಮಾರು ಅರ್ಧ ಶತಮಾನವಾಗಿತ್ತು; 2005 ಮತ್ತು 2006ರಲ್ಲಿ ಸಾಲಾಗಿ ಎರಡು ಸಲ ಗೆದ್ದಿತು. ಅಬುಧಾಬಿಯ ಶೇಖ್ ಮನ್ಸೂರ್ 2008ರಲ್ಲಿ ಕೈಹಾಕಿದ ಮ್ಯಾಂಚೆಸ್ಟರ್ ಸಿಟಿಗೆ 1968ರ ನಂತರ ಲೀಗ್ ಪ್ರಶಸ್ತಿ ಬಂದದ್ದು 2012ರಲ್ಲಿ. ಒಳ್ಳೆಯ ಆಟಗಾರನಿಗೆ ಹೆಚ್ಚು ಸಂಬಳ ಕೊಡಬಲ್ಲವನು ಕಾಲಕ್ರಮದಲ್ಲಿ ಮೇಲೆ ಬರುತ್ತಾನೆ. ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ ಆ ಹಣ ಯಾವ ಲೆಕ್ಕದಲ್ಲಿ ಒಳಗೆ ಬಂತು, ಕೊಟ್ಟವನು ಎದ್ದು ಹೋದ ದಿನ ಕ್ಲಬ್ಬಿನ ಹೆಸರಿನಲ್ಲಿ ಏನು ಉಳಿಯಿತು ಎಂದು ತಮ್ಮ ಹುಡುಗರು ಕೇಳಿದಂತಿಲ್ಲ. ಕ್ಲಬ್ಬುಗಳ ಏಳುಬೀಳನ್ನು ನಿರ್ಧರಿಸಿದ್ದು ಹೆಚ್ಚಾಗಿ ಇದೇ ಎಂಬುದು ನನ್ನ ಅಭಿಪ್ರಾಯ.

ಚೆಲ್ಸಿಯನ್ನೇ ನೋಡಿ. ಅಬ್ರಮೊವಿಚ್ ಸುರಿದದ್ದು ಲೆಕ್ಕಪತ್ರದ ಪ್ರಕಾರ ದಾನವಲ್ಲ, ಸಾಲ. 2022ರಲ್ಲಿ ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ಬ್ರಿಟಿಷ್ ಸರಕಾರ ಅವರ ಮೇಲೆ ನಿರ್ಬಂಧ ಹೇರಿದಾಗ ಆ ಸಾಲ ಸುಮಾರು 150 ಕೋಟಿ ಪೌಂಡಿಗೆ ಏರಿತ್ತು. ಅವರು ಅದನ್ನು ಬಿಟ್ಟುಕೊಟ್ಟದ್ದರಿಂದ ಕ್ಲಬ್ಬು 250 ಕೋಟಿ ಪೌಂಡಿಗೆ ಹೊಸಬರ ಕೈಸೇರಿ ಉಳಿಯಿತು. ಬಿಡುವುದಿಲ್ಲವೆಂದು ಹಠ ಹಿಡಿದಿದ್ದರೆ ಅಷ್ಟೆಲ್ಲ ಪ್ರಶಸ್ತಿ ಗೆದ್ದ ಸಂಸ್ಥೆಯ ಗತಿ ಒಬ್ಬ ಮನುಷ್ಯನ ಮರ್ಜಿಗೆ ಸಿಕ್ಕಿಬೀಳುತ್ತಿತ್ತು. ಹೊಸ ಮಾಲೀಕರು ಮೊದಲ ವರ್ಷವೇ ಆಟಗಾರರ ಮೇಲೆ ಹಣವನ್ನು ನೀರಿನಂತೆ ಚೆಲ್ಲಿದರು; ತಂಡ 2023ರಲ್ಲಿ ಕೊನೆಗೊಂಡ ಸೀಸನ್ನಿನಲ್ಲಿ ಹನ್ನೆರಡನೇ ಸ್ಥಾನಕ್ಕೆ ಇಳಿಯಿತು.

ಮ್ಯಾಂಚೆಸ್ಟರ್ ಯುನೈಟೆಡ್‌ನದು ಇದರ ತಲೆಕೆಳಗು. ಅಮೆರಿಕದ ಗ್ಲೇಜರ್ ಕುಟುಂಬ 2005ರಲ್ಲಿ ಸುಮಾರು 79 ಕೋಟಿ ಪೌಂಡ್ ಬೆಲೆಗೆ ಅದನ್ನು ಕೊಂಡಾಗ ಕ್ಲಬ್ಬಿಗೆ ಸಾಲವಿರಲಿಲ್ಲ. ಕೊಳ್ಳಲು ತಂದ ಸಾಲದ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಲಾಯಿತು. ಅಡಿಕೆ ತೋಟ ಕೊಳ್ಳಲು ಬಂದವನು ಆ ತೋಟವನ್ನೇ ಅಡವಿಟ್ಟು ಬ್ಯಾಂಕಿನಿಂದ ಹಣ ತಂದು, ಮುಂದೆ ಪ್ರತಿ ಕೊಯ್ಲಿನ ಅಡಿಕೆ ಮಾರಿ ಬಡ್ಡಿ ಕಟ್ಟಿದರೆ ಹೇಗೋ ಹಾಗೆ. ಆದರೂ ಮೊದಲ ಎಂಟು ವರ್ಷ ಯಾರಿಗೂ ಬಿಸಿ ತಟ್ಟಲಿಲ್ಲ. ಸರ್ ಅಲೆಕ್ಸ್ ಫರ್ಗುಸನ್ ಆ ಅವಧಿಯಲ್ಲಿ ಐದು ಲೀಗ್ ಪ್ರಶಸ್ತಿಗಳನ್ನೂ ಯುರೋಪಿನ ಕ್ಲಬ್ಬುಗಳ 2008ರ ಚಾಂಪಿಯನ್ಸ್ ಲೀಗನ್ನೂ ಗೆದ್ದುಕೊಟ್ಟರು. 2013ರಲ್ಲಿ ಅವರು ನಿವೃತ್ತರಾದ ಮೇಲೆ ಕೋಚುಗಳು ಒಬ್ಬರ ಹಿಂದೆ ಒಬ್ಬರು ಬಂದು ಹೋದರು, ಲೀಗ್ ಮಾತ್ರ ಬರಲಿಲ್ಲ. 2025ರಲ್ಲಿ ಮುಗಿದ ಸೀಸನ್ನಿನಲ್ಲಿ ತಂಡ ಹದಿನೈದನೇ ಸ್ಥಾನದಲ್ಲಿತ್ತು. ಕೆಟ್ಟ ಆಡಳಿತವನ್ನು ಒಬ್ಬ ಒಳ್ಳೆಯ ಕೋಚ್ ಎಷ್ಟು ಕಾಲ ಮರೆಮಾಚಬಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಪತ್ರದ ಮೂರನೇ ಪುಟದಲ್ಲಿ ತಾವು “ಕೋಚ್ ಸರಿಯಿದ್ದರೆ ಸಾಕು, ಮಾಲೀಕ ಯಾರಾದರೇನು” ಎಂದಿರುವುದರಿಂದ ಇಷ್ಟು ವಿಸ್ತರಿಸಿದೆ.

ಇನ್ನು ನಮ್ಮ ದೇಶದವರ ಕೈಗೆ ಸಿಕ್ಕ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್. ಊರಿನವರೇ ಆದ ಉಕ್ಕಿನ ವ್ಯಾಪಾರಿ ಜ್ಯಾಕ್ ವಾಕರ್ ತಮ್ಮ ಹಣ ಹಾಕಿ 1995ರಲ್ಲಿ ಆ ಸಣ್ಣ ಪಟ್ಟಣಕ್ಕೆ ಲೀಗ್ ಪ್ರಶಸ್ತಿ ತಂದರು. ಅವರು ತೀರಿಕೊಂಡು ಹತ್ತು ವರ್ಷಗಳ ಬಳಿಕ, 2010ರ ನವೆಂಬರಿನಲ್ಲಿ, ಪುಣೆಯ ಕೋಳಿ ಉದ್ಯಮದ ವೆಂಕೀಸ್ ಸಂಸ್ಥೆಯವರು 2 ಕೋಟಿ 30 ಲಕ್ಷ ಪೌಂಡಿಗೆ ಕ್ಲಬ್ಬನ್ನು ಕೊಂಡರು. ತಂಡ ಹದಿಮೂರನೇ ಸ್ಥಾನದಲ್ಲಿ ನೆಮ್ಮದಿಯಾಗಿದ್ದಾಗಲೇ, ಕೊಂಡು ತಿಂಗಳು ಕಳೆಯುವಷ್ಟರಲ್ಲಿ, ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ಮನೆಗೆ ಕಳುಹಿಸಿದರು. 2012ರ ಮೇ ತಿಂಗಳಲ್ಲಿ ವಿಗನ್ ವಿರುದ್ಧ ಸ್ವಂತ ಮೈದಾನದಲ್ಲಿ ಸೋತು ಕೆಳ ದರ್ಜೆಗೆ ಜಾರಿದ ರಾತ್ರಿ, ಪ್ರೇಕ್ಷಕರು ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯೊಂದನ್ನು ಆಟದ ನಡುವೆ ಮೈದಾನಕ್ಕೆ ಬಿಟ್ಟರು. ಮುಂದಿನ ಸೀಸನ್ನಿನಲ್ಲಿ ಹೆನ್ನಿಂಗ್ ಬರ್ಗ್ 57 ದಿನ, ಮೈಕಲ್ ಆಪಲ್ಟನ್ 67 ದಿನ ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತರು. ಮಾಲೀಕರು ಹಣ ಕೊಡಲಿಲ್ಲವೇ ಎಂದರೆ, ಕೊಟ್ಟರು. ವರ್ಷ ವರ್ಷವೂ ನಷ್ಟ ತುಂಬಿಕೊಟ್ಟರು. ಆದರೆ ಆಟ ತಿಳಿದವರನ್ನು ಹತ್ತಿರ ಇಟ್ಟುಕೊಂಡು ಅವರ ಮಾತು ಕೇಳುವ ವ್ಯವಸ್ಥೆಯನ್ನು ಕಟ್ಟಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಹಣ ಕಳುಹಿಸುವುದಕ್ಕೂ ದೆಹಲಿ ಹೈಕೋರ್ಟಿನ ಅನುಮತಿ ಬೇಕಾಯಿತು. ಹೀಗೆ ಇಂಗ್ಲೆಂಡಿನ ಒಂದು ಕ್ಲಬ್ಬಿನ ಸಂಬಳದ ಪ್ರಶ್ನೆ ಭಾರತದ ನ್ಯಾಯಾಲಯದ ದಿನಾಂಕಕ್ಕೆ ಕಾಯುವಂತಾಯಿತು.

ನಮ್ಮಲ್ಲಿ ಆದದ್ದನ್ನು ತಾವೂ ಬಲ್ಲಿರಿ. 1997ರಲ್ಲಿ ಹುಟ್ಟಿ ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದ ಎಫ್‌ಸಿ ಕೊಚ್ಚಿನ್ 2002ರ ಹೊತ್ತಿಗೆ ಮುಚ್ಚಿಹೋಯಿತು. 2022ರ ಮಾರ್ಚಿನ ಇಂಡಿಯನ್ ಸೂಪರ್ ಲೀಗ್ ಫೈನಲಿನಲ್ಲಿ ಪೆನಾಲ್ಟಿಯಲ್ಲಿ ಕೇರಳ ಬ್ಲಾಸ್ಟರ್ಸನ್ನು ಸೋಲಿಸಿ ನಮ್ಮ ಜಿಲ್ಲೆಯ ಮನೆಮನೆಯಲ್ಲಿ ಸೂತಕ ತಂದ ಹೈದರಾಬಾದ್ ಎಫ್‌ಸಿ, ಎರಡೇ ವರ್ಷದಲ್ಲಿ ಸಂಬಳ ಬಾಕಿಯಾಗಿ ಆಟಗಾರರು ಬಿಟ್ಟುಹೋಗಿ ಇಡೀ ಸೀಸನ್ನಿನಲ್ಲಿ ಒಂದೇ ಪಂದ್ಯ ಗೆದ್ದಿತು. ಈಗ ಆ ತಂಡ ಹೈದರಾಬಾದಿನಲ್ಲೇ ಇಲ್ಲ, ದೆಹಲಿಗೆ ಹೋಗಿದೆ.

ತಮ್ಮ ಪತ್ರದಲ್ಲಿ ನನ್ನನ್ನು ನಿಜಕ್ಕೂ ಕಂಗೆಡಿಸಿದ್ದು ಮೈದಾನದ ಷರತ್ತು. ಹೆಸರಿನ ಮುಂದೆ ಒಂದು ಸಂಸ್ಥೆಯ ಹೆಸರು ಸೇರಿದರೆ ನಾಳೆ ಅಳಿಸಬಹುದು. ಸೆವೆನ್ಸ್ ತಂಡಗಳಲ್ಲಿ ಜವಳಿ ಅಂಗಡಿಯ, ಚಿನ್ನದಂಗಡಿಯ ಹೆಸರುಗಳು ಸೀಸನ್ನಿಗೊಮ್ಮೆ ಬದಲಾಗುವುದನ್ನು ನಾವೆಲ್ಲ ನೋಡಿದ್ದೇವೆ, ಅದರಿಂದ ಯಾರಿಗೂ ನಷ್ಟವಾಗಿಲ್ಲ. ಹೊರಗಿನ ಆಟಗಾರರ ವಿಷಯವೂ ಹಾಗೆಯೇ: ಪಂದ್ಯಕ್ಕೆ ಇಷ್ಟೆಂದು ಮಾತಾಗಿರುತ್ತದೆ, ಆಟ ಮುಗಿದ ರಾತ್ರಿ ಮ್ಯಾನೇಜರು ಎಣಿಸಿ ಕೊಡುತ್ತಾರೆ, ಅಲ್ಲಿಗೆ ಲೆಕ್ಕ ಚುಕ್ತಾ. ಜಾಗ ಹಾಗಲ್ಲ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಕ್ಲಬ್ಬಿನ ಕತೆ ತಮ್ಮ ಮಹಾಸಭೆಯಲ್ಲಿ ಓದಿ ಹೇಳಬೇಕಾದಂಥದು. ಗೋಲ್ಡ್‌ಸ್ಟೋನ್ ಎಂಬುದು ಅವರ ಹಳೆಯ ಮೈದಾನ. ಕ್ಲಬ್ಬಿನ ಆಸ್ತಿ ಮಾರಿದರೆ ಬರುವ ಲಾಭ ಷೇರುದಾರರಿಗೆ ಸೇರಕೂಡದೆಂಬ ಒಂದು ಕಲಮು ಅವರ ನಿಯಮಾವಳಿಯಲ್ಲಿತ್ತು. ಅಂದಿನ ಮಾಲೀಕರು ಅದನ್ನು ಸದ್ದಿಲ್ಲದೆ ತೆಗೆದುಹಾಕಿದ್ದನ್ನು ಅಭಿಮಾನಿಗಳು ಹಳೆಯ ಕಾಗದಗಳನ್ನು ಕೆದಕಿ ಪತ್ತೆಹಚ್ಚಿ ಗದ್ದಲವೆಬ್ಬಿಸಿದ ಮೇಲೆ ಕಲಮೇನೋ ಮರಳಿ ಸೇರಿತು, ಮೈದಾನ ಮಾತ್ರ ಹೋಯಿತು. ಬೇರೆ ಜಾಗ ಗೊತ್ತುಮಾಡದೆಯೇ ಅದನ್ನು ಮಾರಿದ್ದರಿಂದ, 1997ರಿಂದ ಎರಡು ವರ್ಷ ನೂರು ಕಿಲೋಮೀಟರಿಗೂ ದೂರದ ಗಿಲಿಂಗ್‌ಹ್ಯಾಮಿನಲ್ಲಿ ತಮ್ಮ ‘ಸ್ವಂತ’ ಪಂದ್ಯಗಳನ್ನು ಆಡಿದರು. ಬಳಿಕ 2011ರವರೆಗೆ ಓಟದ ಟ್ರ್ಯಾಕಿರುವ ಒಂದು ಸಣ್ಣ ಕ್ರೀಡಾಂಗಣದಲ್ಲಿ ದಿನ ದೂಡಿದರು. ಅವರನ್ನು ಮೇಲೆತ್ತಿದ್ದೂ ಮಾಲೀಕನ ಹಣವೇ ಎಂಬುದನ್ನು ಮುಚ್ಚಿಡಲಾರೆ. ಅದೇ ಊರಿನ, ಬಾಲ್ಯದಿಂದಲೂ ಅದೇ ತಂಡದ ಅಭಿಮಾನಿಯಾದ ಟೋನಿ ಬ್ಲೂಮ್ ಬಡ್ಡಿಯಿಲ್ಲದ ಸಾಲ ಕೊಟ್ಟು ಹೊಸ ಕ್ರೀಡಾಂಗಣ ಕಟ್ಟಿಸಿದರು, ಆಟಗಾರರನ್ನು ಹುಡುಕುವ ಕೆಲಸವನ್ನು ಬಲ್ಲವರಿಗೆ ವಹಿಸಿ ತಾಳ್ಮೆಯಿಂದ ಕಾದರು. ಈಕ್ವೆಡಾರಿನಿಂದ 50 ಲಕ್ಷ ಪೌಂಡಿಗೂ ಕಡಿಮೆ ಬೆಲೆಗೆ ತಂದ ಕೈಸೆಡೋ ಎಂಬ ಹುಡುಗನನ್ನು 2023ರಲ್ಲಿ ಚೆಲ್ಸಿಗೆ 10 ಕೋಟಿಗೂ ಮಿಕ್ಕ ಪೌಂಡಿಗೆ ಮಾರಿದ್ದು ಈ ಕ್ಲಬ್ಬೇ. ದಾನಿ ಊರಿನವರು ಎಂಬ ತಮ್ಮ ಸಮಾಧಾನಕ್ಕೆ ಬ್ಲೂಮ್ ಒಂದು ಆಧಾರವಾಗಬಹುದು, ಆದರೆ ಬ್ಲೂಮ್ ಕಟ್ಟಿಸಿದ ಕ್ರೀಡಾಂಗಣ ಸಿದ್ಧವಾಗುವುದಕ್ಕೆ ಮುಂಚೆ ಆ ಕ್ಲಬ್ಬು ಹದಿನಾಲ್ಕು ವರ್ಷ ನೆಲೆಯಿಲ್ಲದೆ ಇತ್ತು.

ಚೆಲ್ಸಿಯ ಅಭಿಮಾನಿಗಳು ಈ ಅಪಾಯವನ್ನು ಮೊದಲೇ ಊಹಿಸಿದ್ದರು. ಸ್ಟ್ಯಾಮ್‌ಫೋರ್ಡ್ ಬ್ರಿಡ್ಜ್ ಮೈದಾನದ ಭೂಮಿ 1997ರಿಂದ ಅಭಿಮಾನಿಗಳ ಷೇರಿನಿಂದಾದ ಪ್ರತ್ಯೇಕ ಸಂಸ್ಥೆಯೊಂದರ ಹೆಸರಿನಲ್ಲಿದೆ. ಕ್ಲಬ್ಬು ಅಲ್ಲಿ ಬಾಡಿಗೆದಾರ ಮಾತ್ರ, ಅಲ್ಲಿ ಆಡುವವರೆಗೆ ಮಾತ್ರ ‘ಚೆಲ್ಸಿ’ ಎಂಬ ಹೆಸರು. 2011ರಲ್ಲಿ ಅಬ್ರಮೊವಿಚ್ ಪಕ್ಷದವರು ಅದನ್ನು ಮರಳಿ ಕೊಳ್ಳಲು ಹೊರಟಾಗ ಶೇಕಡಾ 75 ಮತ ಬೇಕಿತ್ತು, ಸಿಗಲಿಲ್ಲ. ಜಗತ್ತಿನ ಅತಿ ಶ್ರೀಮಂತರಲ್ಲೊಬ್ಬರಿಗೆ ಸಾಮಾನ್ಯ ಷೇರುದಾರರು ಬೇಡವೆಂದು ಹೇಳಲು ಸಾಧ್ಯವಾದದ್ದು ಭೂಮಿಯ ಕಾಗದ ಅವರ ಕೈಯಲ್ಲಿದ್ದುದರಿಂದ.

ಹಾಗೆಂದು ಕಮಿಟಿಯ ಹಿರಿಯರೂ ಬೀಗಬೇಕಾಗಿಲ್ಲ. ಮಾಲೀಕನೇ ಇಲ್ಲದ, ಸದಸ್ಯರೇ ಅಧ್ಯಕ್ಷನನ್ನು ಆರಿಸುವ ಬಾರ್ಸಿಲೋನ ಕ್ಲಬ್ಬು 2021ರಲ್ಲಿ ನೂರು ಕೋಟಿ ಯೂರೋಗೂ ಮಿಕ್ಕ ಸಾಲದಲ್ಲಿ ಮುಳುಗಿ ಮೆಸ್ಸಿಯನ್ನೇ ಉಳಿಸಿಕೊಳ್ಳಲಾಗದೆ ಹೋಯಿತು. ವರ್ಷಗಟ್ಟಲೆ ಲೆಕ್ಕ ಮಂಡಿಸದ ಕಮಿಟಿ ತಮ್ಮದೆಂದು ಪತ್ರದಲ್ಲಿ ತಾವೇ ಬರೆದಿದ್ದೀರಿ. ಹುಡುಗರ ಸಿಟ್ಟಿನ ಮೂಲ ಅಲ್ಲಿರಬಹುದು.

ಮಲಬಾರಿನ ಭಾಗವಾದ ನಮ್ಮ ಜಿಲ್ಲೆಯಲ್ಲಿ ಇಂಥ ಕ್ಲಬ್ಬುಗಳು ನೋಂದಣಿಯಾಗಿರುವುದು 1860ರ ಸೊಸೈಟೀಸ್ ರಿಜಿಸ್ಟ್ರೇಶನ್ ಆಕ್ಟಿನ ಅಡಿಯಲ್ಲಿ. ಅದರಲ್ಲಿ ಮಾರಲು ಷೇರುಗಳೇ ಇರುವುದಿಲ್ಲ. ಸಂಘ ವಿಸರ್ಜನೆಯಾಗಬೇಕಾದರೆ ಐದರಲ್ಲಿ ಮೂರು ಪಾಲು ಸದಸ್ಯರ ಒಪ್ಪಿಗೆ ಬೇಕು. ಆಗಲೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಬೇರೊಂದು ಸಂಘಕ್ಕೆ ಕೊಡಬೇಕು. ಬ್ರೈಟನ್ ಕ್ಲಬ್ಬಿನ ಮಾಲೀಕರು ಅಳಿಸಿಹಾಕಿದ ರಕ್ಷಣೆ ತಮಗೆ ಕಾನೂನಿನಿಂದಲೇ ಸಿಕ್ಕಿದೆ. ತ್ರಿಕ್ಕರಿಪುರದ ಫುಟ್‌ಬಾಲ್ ಆಟಗಾರ ಮುಹಮ್ಮದ್ ರಾಫಿಯಂಥವರನ್ನು ಬೆಳೆಸಿದ ಜಿಲ್ಲೆ ಇದು. ಹುಡುಗರು ದಿನವೂ ಆಡುವ ಜಾಗವನ್ನು ಫ್ಲಡ್‌ಲೈಟಿನ ಆಸೆಗೆ ಇನ್ನೊಬ್ಬರ ಹೆಸರಿಗೆ ಬರೆದುಕೊಡಬೇಡಿರಿ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ.

ಮಹಾಸಭೆಗೆ ಮುನ್ನ ಜಿಲ್ಲಾ ರಿಜಿಸ್ಟ್ರಾರ್ ಕಚೇರಿಯಿಂದ ಬೈಲಾದ ಪ್ರತಿಯನ್ನೂ ವಿಲೇಜ್ ಆಫೀಸಿನಿಂದ ಮೈದಾನದ ತೀರ್ವೆ (ಭೂಕಂದಾಯ) ಯಾರ ಹೆಸರಿನಲ್ಲಿ ಸಂದಾಯವಾಗುತ್ತಿದೆ ಎಂಬ ಮಾಹಿತಿಯನ್ನೂ ತರಿಸಿ, ಒಬ್ಬ ವಕೀಲರಿಗೆ ತೋರಿಸಿರಿ. ದಾನಿಗಳನ್ನು ಗೌರವದಿಂದ ಕರೆಸಿ, ಕೊಡುವ ಹಣ ದಾನವೋ ಸಾಲವೋ ಎಂದು ಕೇಳಿರಿ. ದಾನವಾದರೆ ರಸೀದಿ ಬರೆದು ಕೊಡಿ, ಅಂಗಿಯ ಮೇಲೆ ಅವರ ಸಂಸ್ಥೆಯ ಹೆಸರು ಮುದ್ರಿಸಿರಿ, ಎಲ್ಲರಂತೆ ಚುನಾವಣೆಗೆ ನಿಂತು ಎರಡು ವರ್ಷಕ್ಕೆ ಅಧ್ಯಕ್ಷರಾಗಲಿ. ಸಾಲವಾದರೆ ಮೊತ್ತ, ಬಡ್ಡಿ, ತೀರಿಸುವ ಅವಧಿ ಮೂರನ್ನೂ ಮುದ್ರಾಕಾಗದದಲ್ಲಿ ಬರೆಯಿಸಿ, ಮೈದಾನ ಅದಕ್ಕೆ ಈಡಲ್ಲವೆಂದು ಅದೇ ಕಾಗದದಲ್ಲಿ ನಮೂದಿಸಿರಿ. ಇಷ್ಟಕ್ಕೆ ಅವರು ಒಪ್ಪಿದರೆ ಹುಡುಗರ ಜೊತೆ ನಾನೂ ಕೈ ಎತ್ತುತ್ತೇನೆ.

— ಸಂಪಾದಕ