ದಪ್ಪಗಾದ ಬೆಕ್ಕಿಗೆ ಉಪವಾಸ ಬೇಡ

ಪ್ರಶ್ನೆ: ನಮ್ಮ ಆರು ವರ್ಷದ ಬೆಕ್ಕು ಬಹಳ ದಪ್ಪಗಾಗಿದೆ. ಎರಡು ದಿನ ಆಹಾರ ನಿಲ್ಲಿಸಿದರೆ ತೂಕ ಇಳಿಯುವುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ದಪ್ಪಗಿರುವ ಬೆಕ್ಕು ಕೆಲವೇ ದಿನ ಆಹಾರವಿಲ್ಲದೆ ಇದ್ದರೂ ದೇಹದ ಕೊಬ್ಬು ಯಕೃತ್ತಿನಲ್ಲಿ ಶೇಖರವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ನಾಯಿಗಿಂತ ಬೆಕ್ಕಿನಲ್ಲಿ ಈ ಭಯ ಹೆಚ್ಚು. ಪಶುವೈದ್ಯರಲ್ಲಿ ತಪಾಸಣೆ ಮಾಡಿಸಿ ದಿನದ ಆಹಾರದ ಪ್ರಮಾಣವನ್ನು ಗೊತ್ತುಮಾಡಿಕೊಂಡು, ಅದನ್ನು ಬಟ್ಟಲಿನ ಅಂದಾಜಿನಲ್ಲಲ್ಲ, ಗ್ರಾಂ ಲೆಕ್ಕದಲ್ಲಿ ತೂಗಿ, ಹಲವು ಸಲ ಹಂಚಿ ಕೊಡಿ. ವಾರಕ್ಕೆ ದೇಹತೂಕದ ಶೇ. 1ರಷ್ಟು ಇಳಿದರೆ ಸಾಕು. ತಿನಿಸುಗಳು ದಿನದ ಕ್ಯಾಲೊರಿಯ ಶೇ. 10ನ್ನು ಮೀರಬಾರದು, ಮನೆಯವರೆಲ್ಲ ಪ್ರೀತಿಯಿಂದ ಒಬ್ಬರಿಗೊಬ್ಬರು ತಿಳಿಸದೆ ಕೊಡುವ ತುತ್ತುಗಳೇ ಬಹಳಷ್ಟು ಸಲ ಪಥ್ಯವನ್ನು ಕೆಡಿಸುತ್ತವೆ. ಪಕ್ಕೆಲುಬುಗಳು ಬೆರಳಿಗೆ ಸುಲಭವಾಗಿ ಸಿಗತೊಡಗಿದರೆ ಪಥ್ಯ ಫಲಿಸುತ್ತಿದೆ ಎಂದು ತಿಳಿಯಿರಿ. ಬೆಕ್ಕು ಇಡೀ ದಿನ ಏನನ್ನೂ ತಿನ್ನದಿದ್ದರೆ ಮಾತ್ರ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.