ಖರೆ ಯಾರದು ಅಂತ ಹ್ಯಾಂಗ ತಿಳಕೋಬೇಕು?

ಕೆಲಸದ ಜಾಗದ ಕಿರುಕುಳ, ತಾರೆಯರ ಜಗಳ, ಕೋರ್ಟ್ ಸುದ್ದಿ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಕಾನೂನು ಬಳಗದ ಉತ್ತರ.

ಪ್ರಶ್ನೆ: ಶೂಟಿಂಗ್‌ನ್ಯಾಗ ಕಿರುಕುಳ ಆಯ್ತು ಅಂತ ಹಾಲಿವುಡ್ ನಟಿ ಬ್ಲೇಕ್ ಲೈವ್ಲಿ ಅವರು ನಿರ್ದೇಶಕ ಜಸ್ಟಿನ್ ಬಾಲ್ಡೋನಿ ಮ್ಯಾಲೆ ದೂರು ಕೊಟ್ರು. ಅವರು ತಿರುಗಿ ಹಾಕಿದ 40 ಕೋಟಿ ಡಾಲರ್ ದಾವೆ ವಜಾ ಆಯ್ತು. ಅಂದಮ್ಯಾಲೆ ನಟಿ ಹೇಳಿದ್ದೇ ಖರೆ ಅಂತ ಕೋರ್ಟ್ ಹೇಳಿದಂಗ ಆಗಲಿಲ್ಲೇನು? ಮನ್ಯಾಗ ದಿನಾ ಇದೇ ವಾದ. – ಓದುಗರು, ಕಲಬುರಗಿ

ಉತ್ತರ: ಇಲ್ಲ, ಹಾಗೆ ಆಗಲಿಲ್ಲ. ವಾದಕ್ಕೆ ಕೂರುವ ಮುಂಚೆ ಒಂದು ಹಾಳೆಯ ಮೇಲೆ ತಾರೀಖು ಬರೆದುಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಲೈವ್ಲಿ ಕ್ಯಾಲಿಫೋರ್ನಿಯಾದ ನಾಗರಿಕ ಹಕ್ಕುಗಳ ಇಲಾಖೆಗೆ ದೂರು ಕೊಟ್ಟರು. ಅದರಲ್ಲಿ ಮುಖ್ಯವಾಗಿ ಎರಡು ಆರೋಪ: ಚಿತ್ರೀಕರಣದ ವೇಳೆ ಕಿರುಕುಳ ಆಯಿತು, ಅದನ್ನು ಎತ್ತಿ ಹೇಳಿದ್ದಕ್ಕೆ ಪ್ರಚಾರ ಏಜೆಂಟರನ್ನು ಇಟ್ಟು ತಮ್ಮ ಹೆಸರು ಕೆಡಿಸಿದರು. ಬಾಲ್ಡೋನಿ ಎರಡನ್ನೂ ಅಲ್ಲಗಳೆದರು. ಡಿಸೆಂಬರ್ 31ರಂದು ಲೈವ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ ಮೆಟ್ಟಿಲೇರಿದರು. ಅದೇ ದಿನ ಬಾಲ್ಡೋನಿ ಕಡೆಯವರು, ಈ ಆರೋಪಗಳ ಸುದ್ದಿ ಹಾಕಿದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೇಲೆ 25 ಕೋಟಿ ಡಾಲರ್ ದಾವೆ ಹೂಡಿದರು. ನೀವು ಹೇಳುವ 40 ಕೋಟಿಯ ದಾವೆ ಬಂದದ್ದು 2025ರ ಜನವರಿ 16ಕ್ಕೆ. ನ್ಯಾಯಾಧೀಶ ಲೂಯಿಸ್ ಲೈಮನ್ ಅದನ್ನು ವಜಾ ಮಾಡಿದ್ದು ಜೂನ್ 9ಕ್ಕೆ.

ವಜಾಕ್ಕೆ ಮುಖ್ಯ ಕಾರಣವೊಂದಿದೆ: ಇಲಾಖೆಗೆ ಕೊಟ್ಟ ದೂರಿನಲ್ಲಿನ ಮಾತಿಗೆ ಮಾನನಷ್ಟ ದಾವೆಯಿಂದ ಕಾನೂನಿನ ರಕ್ಷಣೆ ಉಂಟು. ಕಿರುಕುಳ ನಡೆದಿತ್ತೋ ಇಲ್ಲವೋ ಎಂಬುದನ್ನು ಆ ಆದೇಶ ತೀರ್ಮಾನಿಸಲಿಲ್ಲ. ಆದೇಶದ ಸುದ್ದಿ ಬಂದಾಗ ಮೊದಲು ಕೇಳಬೇಕಾದದ್ದು ‘ಯಾರು ಗೆದ್ದರು’ ಅಂತಲ್ಲ, ‘ಕೋರ್ಟ್ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು’ ಅಂತ. ದಾವೆಯ ಮೊತ್ತವನ್ನಂತೂ ತೂಕಕ್ಕೇ ಹಿಡಿಯಬೇಡಿ. ಅದು ಹೂಡಿದವರೇ ಬರೆದ ಅಂಕಿ. ಸುದ್ದಿಯ ಸಾಲು ‘ಎಂದು ಅರ್ಜಿಯಲ್ಲಿ ಹೇಳಿದ್ದಾರೆ’ ಅಂತ ಮುಗಿದರೆ ಅದು ಆರೋಪ. ‘ಎಂದು ನ್ಯಾಯಾಲಯ ತೀರ್ಮಾನಿಸಿದೆ’ ಅಂದರೆ ಮಾತ್ರ ತೀರ್ಮಾನ. ತಲೆಬರಹದಲ್ಲಿ ಈ ಬಾಲವೇ ಕತ್ತರಿಸಿ ಹೋಗಿರುತ್ತದೆ. ತಪ್ಪು ತಿಳಿವಳಿಕೆ ಹುಟ್ಟುವುದು ಅಲ್ಲೇ.

ಪ್ರಶ್ನೆ: ವಿಡಿಯೊ ಇದೆ, ಮೆಸೇಜ್ ಇದೆ. ಇನ್ನೇನು ಬೇಕು? – ಓದುಗರು, ಹುಮನಾಬಾದ್

ಉತ್ತರ: ಇದೇ ಪ್ರಕರಣದಲ್ಲಿ ಬಾಲ್ಡೋನಿ ಕಡೆಯವರು ಒಂದು ನೃತ್ಯದ ದೃಶ್ಯದ ಕಚ್ಚಾ ವಿಡಿಯೊ ಹೊರಬಿಟ್ಟರು. ನೋಡಿ, ತಪ್ಪೇನೂ ಇಲ್ಲ ಎಂದರು. ಲೈವ್ಲಿಯ ವಕೀಲರು ಅದೇ ವಿಡಿಯೊ ತೋರಿಸಿ, ನಾವು ಹೇಳಿದ್ದಕ್ಕೆ ಇದೇ ಸಾಕ್ಷಿ ಎಂದರು. ಮೆಸೇಜಿನ ಕತೆಯೂ ಹಾಗೇ. ನ್ಯೂಯಾರ್ಕ್ ಟೈಮ್ಸ್ ಅಚ್ಚು ಹಾಕಿದ ಒಂದು ಸಂಭಾಷಣೆಯಲ್ಲಿ ತಲೆಕೆಳಗಾದ ನಗುಮುಖದ ಎಮೋಜಿ ಬಿಟ್ಟುಹೋಗಿದೆ, ಅದು ಇದ್ದಿದ್ದರೆ ಮಾತು ವ್ಯಂಗ್ಯ ಅಂತ ತಿಳಿಯುತ್ತಿತ್ತು ಎಂಬುದು ಬಾಲ್ಡೋನಿ ಕಡೆಯ ವಾದವಾಗಿತ್ತು.

ಆದ್ದರಿಂದ ಸ್ಕ್ರೀನ್‌ಶಾಟ್ ಕೈಗೆ ಬಂದರೆ ಅದರ ಹಿಂದಿನ, ಮುಂದಿನ ಮೆಸೇಜ್ ಎಲ್ಲಿ ಅಂತ ಹುಡುಕಿ. ತಾರೀಖು ಇದೆಯೇ? ಯಾರು ಯಾರಿಗೆ ಕಳಿಸಿದ್ದು? ಹೊರಬಿಟ್ಟವರು ಯಾರು? ನಮ್ಮ ಕೋರ್ಟುಗಳಲ್ಲಿ ಮೊಬೈಲ್ ಮೆಸೇಜಿನ ಪ್ರತಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ನಿಮ್ಮದೇ ಪ್ರಕರಣವಾಗಿದ್ದರೆ ಚಾಟ್ ಅಳಿಸಬೇಡಿ, ಹಳೆ ಫೋನ್ ಮಾರಬೇಡಿ.

ಪ್ರಶ್ನೆ: ಪೊಲೀಸರು ‘ಬಿ’ ರಿಪೋರ್ಟ್ (ಪ್ರಕರಣ ಮುಗಿಸುವ ವರದಿ) ಹಾಕಿದರೆ ದೂರು ಸುಳ್ಳು ಅಂತಲೇ? – ಓದುಗರು, ಶಹಾಪುರ

ಉತ್ತರ: ಹಾಗೆಂದು ಹೇಳಲು ಬರುವುದಿಲ್ಲ. ಸಾಕಷ್ಟು ಪುರಾವೆ ಸಿಗದಿದ್ದಾಗಲೂ ‘ಬಿ’ ರಿಪೋರ್ಟ್ ಬರುತ್ತದೆ. ಅದು ಪೊಲೀಸರ ಅಭಿಪ್ರಾಯ, ತೀರ್ಪಲ್ಲ. ಮ್ಯಾಜಿಸ್ಟ್ರೇಟರು ದೂರುದಾರರಿಗೆ ನೋಟಿಸ್ ಕೊಡಬೇಕು, ಅವರು ತಕರಾರು ಅರ್ಜಿ ಹಾಕಬಹುದು. ಆರೋಪಿಯನ್ನು ತಪ್ಪಿತಸ್ಥ ಎನ್ನಲೂ ಆಗ ಆಧಾರವಿಲ್ಲ.

ಪ್ರಶ್ನೆ: ನಮ್ಮ ಬ್ಯಾಳಿ ಮಿಲ್ಲಿನ ಆಫೀಸಿನಲ್ಲಿ ಒಬ್ಬ ಹೆಣ್ಣುಮಗಳು ಮೇಲಿನವರ ಮೇಲೆ ದೂರು ಕೊಟ್ಟಿದ್ದಾಳೆ. ನಾನು ಸಮಿತಿಯಲ್ಲಿದ್ದೇನೆ. ನೋಡಿದವರು ಯಾರೂ ಇಲ್ಲ. ಒಬ್ಬೊಬ್ಬರದು ಒಂದೊಂದು ಮಾತು. – ಓದುಗರು, ಕಲಬುರಗಿ

ಉತ್ತರ: ತಾರೆಯರ ಜಗಳಕ್ಕಿಂತ ನಿಮ್ಮ ಪ್ರಶ್ನೆಯೇ ದೊಡ್ಡದು ತಾಯಿ, ಯಾಕೆಂದರೆ ಇಲ್ಲಿ ತೂಗಬೇಕಾದವರು ನೀವೇ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ದೂರು ಮಾಲೀಕರ ಮೇಲೆಯೇ ಆದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಘಟನೆಯಾಗಿ ಮೂರು ತಿಂಗಳೊಳಗೆ ದೂರು ಬಂದಿರಬೇಕು. ತಡಕ್ಕೆ ಕಾರಣ ಸರಿಯಿದ್ದರೆ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ಒಪ್ಪಬಹುದು. ದೂರು, ದಾಖಲೆ, ಸಾಕ್ಷಿಗಳ ಹೆಸರು ಸೇರಿ ಆರು ಪ್ರತಿ. ಏಳು ಕೆಲಸದ ದಿನಗಳಲ್ಲಿ ಒಂದು ಪ್ರತಿ ಎದುರಿನವರಿಗೆ ಮುಟ್ಟಬೇಕು, ಅವರು ಹತ್ತು ಕೆಲಸದ ದಿನಗಳಲ್ಲಿ ಉತ್ತರಿಸಬೇಕು. ವಿಚಾರಣೆಗೆ ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಕೂತಿರಲಿ. ವಕೀಲರಿಗೆ ಪ್ರವೇಶವಿಲ್ಲ. ತೊಂಬತ್ತು ದಿನದಲ್ಲಿ ಮುಗಿಸಿ.

ಇಬ್ಬರ ಹೇಳಿಕೆಯನ್ನೂ ಬೇರೆಬೇರೆ ಬರೆಸಿ, ಒಂದೊಂದು ಆರೋಪಕ್ಕೆ ಒಂದೊಂದು ಸಾಲು ಮಾಡಿ: ಅವಳು ಹೇಳಿದ್ದು, ಅವರು ಒಪ್ಪಿದ್ದು, ಅವರು ನಿರಾಕರಿಸಿದ್ದು, ದಾಖಲೆ. ಬಹಳಷ್ಟು ಸಂಗತಿ ಇಬ್ಬರೂ ಒಪ್ಪಿದ್ದೇ ಇರುತ್ತದೆ; ಜಗಳ ಇರುವುದು ಒಂದೆರಡು ಸಾಲಿನಲ್ಲಿ. ಆ ಸಾಲಿಗೆ ಹಾಜರಿ ಪುಸ್ತಕ, ಗೇಟಿನ ರಿಜಿಸ್ಟರ್, ಕರೆಗಳ ಪಟ್ಟಿ, ಆ ದಿನವೇ ಗೆಳತಿಗೋ ಮನೆಯವರಿಗೋ ಹೇಳಿಕೊಂಡಿದ್ದಳೇ ಎಂಬುದನ್ನು ಹೊಂದಿಸಿ ನೋಡಿ. ಕಣ್ಣಾರೆ ಕಂಡವರು ಇಲ್ಲದ್ದಕ್ಕೆ ದೂರು ಬೀಳುವುದಿಲ್ಲ. ಇಲ್ಲಿ ಬೇಕಾದದ್ದು ಕ್ರಿಮಿನಲ್ ಕೋರ್ಟಿನಂತೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಅಲ್ಲ, ಯಾವುದು ಹೆಚ್ಚು ಸಂಭವನೀಯ ಎಂಬುದು. ತಡವಾಗಿ ಹೇಳಿದಳು, ನಗುತ್ತ ಮಾತಾಡುತ್ತಿದ್ದಳು ಎಂಬುದಕ್ಕೆ ಬಹಳ ತೂಕ ಕೊಡಬೇಡಿ. ಕೂಲಿ ಕಳೆದುಕೊಳ್ಳುವ ಅಂಜಿಕೆ ಇದ್ದವರು ಹಾಗೇ ನಡೆದುಕೊಳ್ಳುತ್ತಾರೆ. ಆದರೆ ಎದುರಿನವರು ತಾವು ಆ ದಿನ ಊರಲ್ಲೇ ಇರಲಿಲ್ಲ ಎಂಬ ಟಿಕೆಟ್ ತಂದರೆ ಅದನ್ನೂ ಅಷ್ಟೇ ಗಂಭೀರವಾಗಿ ಪರೀಕ್ಷಿಸಬೇಕು.

ಸಾಬೀತಾಗದ ಮಾತ್ರಕ್ಕೆ ಅವಳ ಮೇಲೆ ಕ್ರಮ ಜರುಗಿಸುವಂತಿಲ್ಲ ಎಂದು ಇದೇ ಕಾನೂನಿನ 14ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ದುರುದ್ದೇಶ ಇತ್ತೆಂಬುದನ್ನು ಬೇರೆಯಾಗಿ ವಿಚಾರಿಸಿಯೇ ತೀರ್ಮಾನಿಸಬೇಕು. 16ನೇ ಕಲಮಿನಂತೆ ದೂರಿನ ವಿಷಯ, ಇಬ್ಬರ ಹೆಸರು, ಸಾಕ್ಷಿಗಳ ಹೆಸರು ಹೊರಗೆ ಹೋಗಬಾರದು. ದೂರಿನ ಪ್ರತಿಗಳಿಗೆ ಇವತ್ತೇ ಸಂಖ್ಯೆ ಹಾಕಿ, ಬೀಗದ ಕಪಾಟಿನಲ್ಲಿಡಿ. ಮಿಲ್ಲಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ ಅದರ ಫೋಟೊ ಹಾಕಿದ್ದರೆ ಮೊದಲು ಅದನ್ನು ತೆಗೆಸಿ.